ರಾಣಿ ಬಂದಳು, ರಾಜ ಬರಲಿಲ್ಲ

“ರಾಜ ಎಲ್ಲಪ್ಪಾ?” ಎಂದು ಕಮಲಮ್ಮ ಕೇಳಿದಾಗ ನನ್ನ ಬೆನ್ನ ಮೇಲೆ ಫ್ರಿಜ್ ಇತ್ತು. ಬೆನ್ನ ಮೇಲೆ ಫ್ರಿಜ್ ಇರುವವನನ್ನು ಯಾರೂ ಏನೂ ಕೇಳಬಾರದು. ಇಳಿಸಿ ತಿರುಗಿ ನೋಡಿದೆ. ಅವರು ಬರಿ ನೆಲದ ಮೇಲೆ ಕೂತು ಒಂದು ಬಾಕ್ಸ್ ಬಿಚ್ಚಿದ್ದರು. ತೊಡೆಯ ಮೇಲೆ ಒಂದು ಮರದ ಗೊಂಬೆ. ಪಕ್ಕದಲ್ಲಿ ಖಾಲಿ ಬಬಲ್ ಶೀಟ್.

“ರಾಣಿ ಇದಾಳೆ. ರಾಜ ಇಲ್ಲ.”

ಇದು ಹೋದ ದಸರಾದ ಮಾತು. ಊರು ವಿಜಯವಾಡ. ನಾನು ಬಸವ, ಸಿಂಧನೂರಿನವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ವಿಶಾಖಪಟ್ಟಣದಲ್ಲಿ ಮನೆ ಸಾಮಾನು ಪ್ಯಾಕ್ ಮಾಡಿ ಲಾರಿಯಲ್ಲಿ ಸಾಗಿಸುವ ಕೆಲಸ. ಕನ್ನಡದ ಬ್ಯಾಂಕ್ ಆಫೀಸರಿಗೆ ಟ್ರಾನ್ಸ್‌ಫರ್ ಆದರೆ ಓನರ್ ನನ್ನನ್ನೇ ಕಳಿಸುತ್ತಾರೆ. ಭಾಷೆ ಬರುತ್ತದೆ, ಅಷ್ಟೇ ಕಾರಣ.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಶ್ರೀಧರ ಸಾರ್ ಅಂಥ ಆಫೀಸರು. ಮೈಸೂರಿನವರು. ವಿಜಯವಾಡಕ್ಕೆ ಟ್ರಾನ್ಸ್‌ಫರ್ ಆಗಿತ್ತು. ಮನೆಯಲ್ಲಿ ಅವರ ತಾಯಿ ಕಮಲಮ್ಮ, ಹೆಂಡತಿ ವೀಣಾ ಮೇಡಂ.

ನಮ್ಮ ಕಡೆ ದಸರಾ ಅಂದರೆ ಬನ್ನಿ ಹಂಚುವುದು. ಗೊಂಬೆ ಕೂರಿಸುವುದು ನನಗೆ ಗೊತ್ತಿರಲಿಲ್ಲ. ಪ್ಯಾಕ್ ಮಾಡುವ ದಿನ ಕಮಲಮ್ಮ ಹೇಳಿದರು. ಮದುವೆಯಲ್ಲಿ ತವರಿನವರು ಮಗಳಿಗೆ ರಾಜ, ರಾಣಿ ಎರಡು ಗೊಂಬೆ ಕೊಡುತ್ತಾರೆ. ಅದಕ್ಕೆ ಪಟ್ಟದ ಗೊಂಬೆ ಅಂತ ಹೆಸರು. ನವರಾತ್ರಿಯ ಮೊದಲ ದಿನ ಮೇಲಿನ ಮೆಟ್ಟಿಲಲ್ಲಿ ಅವರಿಬ್ಬರು ಕೂತ ಮೇಲೆಯೇ ಉಳಿದ ಗೊಂಬೆಗಳು. ಒಬ್ಬರನ್ನು ಬಿಟ್ಟು ಒಬ್ಬರನ್ನು ಕೂರಿಸುವ ಹಾಗಿಲ್ಲ.

ಆ ಜೋಡಿಯನ್ನು ಟ್ರೈನಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತೇನೆ ಅಂತ ಅವರ ಹಟ. ಸಾರ್ ಬಿಡಲಿಲ್ಲ. ಸಾರ್‌ಗೆ ದಿನಾ ಇಂಗ್ಲಿಷ್ ಪೇಪರಿನ ಪದಬಂಧ ತುಂಬುವ ಚಟ.

“ಅಮ್ಮಾ, ಅದು ಎಗ್ಜಾನಿಮೇಟ್.”

“ಹಂಗಂದ್ರೆ?”

“ಜೀವ ಇಲ್ಲದ್ದು. ಮೇಜು, ಕುರ್ಚಿ, ಚಪ್ಪಲಿ ಎಲ್ಲಾ ಒಂದೇ. ಲಾರೀಲಿ ಬರತ್ತೆ ಬಿಡು.”

“ಚಪ್ಪಲಿಗೂ ನಮ್ಮಮ್ಮ ಕೊಟ್ಟ ಗೊಂಬೆಗೂ ಒಂದೇ ಹೆಸರೇನೋ? ಎಂಥ ಬಡ ಭಾಷೆನೋ ಅದು!”

ಆ ಪದ ನಮಗೆ ಹಿಡಿಸಿತು. ನಮ್ಮ ಲಾರಿಯಲ್ಲಿ ಜೀವ ಇರುವುದನ್ನು ಹಾಕುವುದಿಲ್ಲ. ನಾಯಿ ಬೇಡ, ಗಿಳಿ ಬೇಡ, ತುಳಸಿ ಗಿಡವೂ ಬೇಡ. ಅದನ್ನೆಲ್ಲ ಒಂದೇ ಪದದಲ್ಲಿ ಹೇಳಬಹುದು ಅಂತ ಗೊತ್ತಿರಲಿಲ್ಲ. ನನ್ನ ತೆಲುಗು ಜೊತೆಗಾರ ಅಪ್ಪಲರಾಜು ದಿನವಿಡೀ ಅದನ್ನೇ ಜಗಿದ. “ಬಸವನ್ನಾ, ಆ ಎಗ್ಜಾನಿಮೇಟ್ ಮಂಚ ಮೊದ್ಲು ಎತ್ತೋಣ್ವಾ?”

ಕಮಲಮ್ಮನ ಕಣ್ಣೆದುರಿಗೇ ಎರಡೂ ಗೊಂಬೆಗಳನ್ನು ಮುಖಕ್ಕೆ ಮುಖ ಮಾಡಿ ಒಂದೇ ಶೀಟಿನಲ್ಲಿ ಸುತ್ತಿ ಬಾಕ್ಸಿಗೆ ಇಟ್ಟೆ. ಟೇಪ್ ಹಚ್ಚಲು ಹೋದರೆ ಸಾರ್ ತಡೆದರು. “ಇದಕ್ಕೆ ನಾನೇ ಹಾಕ್ತೀನಿ. ನೀನು ಮಂಚ ನೋಡು.” ತಾಯಿಯ ಸಮಾಧಾನಕ್ಕೆ ಇರಬೇಕು ಅಂದುಕೊಂಡೆ. ಅವತ್ತು ಸಂಜೆ ಸಾರ್ ಡ್ಯೂಟಿಗೆ ಸೇರಲು ಎಲ್ಲರಿಗಿಂತ ಮೊದಲೇ ಟ್ರೈನ್ ಹತ್ತಿದರು. ಮರುದಿನ ಲಾರಿ ತುಂಬಿ ನಾವು ಹೊರಟೆವು. ಹೆಂಗಸರು ಬೇರೆ ಟ್ರೈನಿನಲ್ಲಿ ಬಂದರು.

ವಿಜಯವಾಡದಲ್ಲಿ ರಸ್ತೆ ತುಂಬ ದುರ್ಗಮ್ಮನ ಬೆಟ್ಟಕ್ಕೆ ಹೋಗುವ ಜನ. ಲಾರಿಯನ್ನು ಊರೆಲ್ಲ ಸುತ್ತಿಸಿ ಮನೆ ಮುಟ್ಟಿದೆವು. ಫ್ರಿಜ್ ಒಳಗೆ ಬರುವಷ್ಟರಲ್ಲಿ ಈ ಗಲಾಟೆ.

ಇದ್ದ ಬಾಕ್ಸನ್ನೆಲ್ಲ ಬಿಚ್ಚಿದೆವು. ಕುಕ್ಕರಿನೊಳಗೆ, ವಾಷಿಂಗ್ ಮೆಷಿನ್ನಿನೊಳಗೆ, ಹಾಸಿಗೆ ಸುರುಳಿಯೊಳಗೆ ಕೈ ಹಾಕಿದೆವು. ಇಲ್ಲ.

“ರಾಣಿಗಾರು ಒಚ್ಚಾರು, ರಾಜುಗಾರು ರಾಲೇದು,” ಅಂದ ಅಪ್ಪಲರಾಜು. ರಾಣಿ ಬಂದರು, ರಾಜ ಬರಲಿಲ್ಲ ಅಂತ. ಕಾಲಿನಿಂದ ತಿವಿದು ಸುಮ್ಮನಿರಿಸಿದೆ.

“ನಾಳೆ ಪಾಡ್ಯ,” ಅಂದರು ಕಮಲಮ್ಮ. “ರಾಜ ಬರೋವರ್ಗೂ ನಂಗೆ ಊಟ ಬೇಡ.”

ವೀಣಾ ಮೇಡಂ ನನ್ನನ್ನೇ ನೋಡಿದರು. ನಮ್ಮ ಕೆಲಸದಲ್ಲಿ ಒಂದು ಸಾಮಾನು ಕಾಣೆಯಾದರೆ ಮುಗಿಯಿತು. ಆ ಮನುಷ್ಯನನ್ನು ಮತ್ತೆ ಯಾರ ಮನೆಯೊಳಗೂ ಬಿಡುವುದಿಲ್ಲ. ಗೋಡೌನಿನಲ್ಲಿ ಮೂಟೆ ಎಣಿಸಬೇಕು.

ಆಗ ಆ ಬಾಕ್ಸಿನ ಟೇಪ್ ನೋಡಿದೆ. ನಾನು ಟೇಪಿನ ತುದಿಯನ್ನು ಸ್ವಲ್ಪ ಮಡಚಿ ಬಿಡುತ್ತೇನೆ, ಎಳೆದರೆ ಬರಲಿ ಅಂತ. ಇಲ್ಲಿ ಮಡಿಕೆ ಇಲ್ಲ, ಟೇಪೆಲ್ಲ ಮುದುಡಿ ಗಂಟಾಗಿತ್ತು.

“ಅಮ್ಮಾರ, ಇಬ್ರನ್ನೂ ಕೂಡ್ಸೇ ಕಟ್ಟೀನ್ರಿ. ಈ ಟೇಪ್ ನಂದಲ್ರಿ. ಸಾರ್ ಹಚ್ಚಿದ್ದು.”

“ಅಂದ್ರೆ ನಮ್ಮನೆಯವ್ರು ಕದ್ರು ಅಂತೀಯಾ?” ವೀಣಾ ಮೇಡಂ ದನಿ ಏರಿತು.

“ಕದ್ರು ಅಂದಿಲ್ರಿ. ಒಂದ್ಸಲ ಕೇಳ್ರಿ ಅಂದೆ.”

ಸಾರ್ ಫೋನ್ ಎತ್ತಲಿಲ್ಲ. ನಾಲ್ಕು ಸಲ ಮಾಡಿದ ಮೇಲೆ ಮೇಡಂ ಮೆಸೇಜ್ ಹಾಕಿದರು, ‘ರಾಜ ಇಲ್ಲ. ಅಮ್ಮ ಊಟ ಬಿಟ್ಟಿದ್ದಾರೆ.’ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಆಟೋ ನಿಂತಿತು. ಸಾರ್ ಬೆವರು ಒರೆಸುತ್ತಾ ಬಂದರು. ಯಾರ ಮುಖವನ್ನೂ ನೋಡಲಿಲ್ಲ. ಆಫೀಸ್ ಬ್ಯಾಗಿನ ಜಿಪ್ ಎಳೆದು ಒಂದು ಟವೆಲ್ ಗಂಟು ತೆಗೆದು ತಾಯಿಯ ಮುಂದೆ ಇಟ್ಟರು.

“ಬ್ಯಾಂಕಿನಲ್ಲಿ ಎಲ್ಲಾ ಒಂದೇ ಕಡೆ ಇಡಬಾರ್ದು ಅಂತ ಹೇಳ್ತಾರಮ್ಮ. ಲಾರಿ ಏನಾದ್ರೂ ಪಲ್ಟಿ ಆದ್ರೆ ಒಬ್ರಾದ್ರೂ ಉಳೀಲಿ ಅಂತ… ನೀನು ಬಾಕ್ಸ್ ಬಿಚ್ಚೋ ಮೊದ್ಲೇ ಬಂದು ಇಟ್ಬಿಡೋಣ ಅಂದ್ಕೊಂಡಿದ್ದೆ.”

ಕಮಲಮ್ಮ ಟವೆಲ್ ಬಿಚ್ಚಿದರು. ರಾಜ ಇದ್ದ. ಅವನ ತಲೆಗೆ, ಪೇಟದ ಮೇಲೆ, ಕೆಂಪು ಉಣ್ಣೆಯ ಮಂಕಿ ಟೋಪಿ ಇತ್ತು. ಕೂಸುಗಳಿಗೆ ಹಾಕುವಂಥದ್ದು.

“ಇದೇನೋ?” ಅಂದರು ಕಮಲಮ್ಮ.

“ನಂದೇ. ಚಿಕ್ಕವನಾಗಿದ್ದಾಗ ನೀನೇ ಹೆಣೆದದ್ದು. ಟ್ರೈನಲ್ಲಿ… ಎಸಿ ಜಾಸ್ತಿ ಇತ್ತು.”

ಕಮಲಮ್ಮ ರಾಜನ ಹಣೆ ಮುಟ್ಟಿ ನೋಡಿದರು. “ಸದ್ಯ, ಜ್ವರ ಬಂದಿಲ್ಲ.”

ಮೊದಲು ನಕ್ಕಿದ್ದು ಅಪ್ಪಲರಾಜು. ಆಮೇಲೆ ವೀಣಾ ಮೇಡಂ ಗೋಡೆ ಹಿಡಿದುಕೊಂಡು ನಕ್ಕರು. “ಗಂಡನ್ನ ಎಸಿ ಟ್ರೈನಲ್ಲಿ ಕರ್ಕೊಂಡ್ಬಂದು ಹೆಂಡ್ತೀನ ಲಾರೀಲಿ ಹಾಕಿದೀರಾ. ಥೇಟ್ ನಿಮ್ಮ ಬುದ್ಧಿ!” ನನಗಂತೂ ಗೋಡೌನು ತಪ್ಪಿದ ಖುಷಿಗೆ ನಗು ನಿಲ್ಲಲೇ ಇಲ್ಲ. ಕೊನೆಗೆ ಸಾರ್ ಕೂಡ ನಕ್ಕರು.

“ಸಾರ್, ಎಗ್ಜಾನಿಮೇಟ್?” ಅಂದ ಅಪ್ಪಲರಾಜು.

“ಮುಚ್ಚೋ,” ಅಂದರು ಸಾರ್.

ಕಮಲಮ್ಮ ಊಟ ಮಾಡಿದರು. ನಮಗೂ ಬಡಿಸಿದರು. ಬಿಸಿ ಅನ್ನ, ಮೈಸೂರಿನ ಸಾರು. ಮರುದಿನ ಬೆಳಿಗ್ಗೆ ರಾಜ, ರಾಣಿ ಇಬ್ಬರೂ ಮೇಲಿನ ಮೆಟ್ಟಿಲಲ್ಲಿ ಕೂತ ಫೋಟೋ ನನ್ನ ಫೋನಿಗೆ ಬಂತು. ರಾಜನ ಟೋಪಿ ತೆಗೆದಿರಲಿಲ್ಲ.

ಕೆಲಸ ಕಲಿಸಿದ್ದು ಇಷ್ಟು. ಈಗ ಯಾವ ಮನೆಗೆ ಹೋದರೂ ಬಾಕ್ಸ್ ಮುಟ್ಟುವ ಮೊದಲು ಕೇಳುತ್ತೇನೆ, “ಯಾವ ಸಾಮಾನು ಹೋದ್ರೆ ಊಟ ಬಿಡ್ತೀರಿ?” ಒಬ್ಬರು ಹಳೇ ರೇಡಿಯೋ ತೋರಿಸುತ್ತಾರೆ, ಒಬ್ಬರು ಹರಕು ದಿಂಬು. ಮೊದಲು ನಗುತ್ತಾರೆ, ಆಮೇಲೆ ಎಲ್ಲರೂ ಏನಾದರೂ ಒಂದು ತೋರಿಸುತ್ತಾರೆ. ಅದನ್ನು ಕೊನೆಗೆ ಏರಿಸಿ ಮೊದಲು ಇಳಿಸುತ್ತೇನೆ. ಟೇಪ್ ನಾನೇ ಹಚ್ಚುತ್ತೇನೆ.

ಮುಗೀತು. ಇನ್ನು ಹೇಳುವುದು ಏನೂ ಇಲ್ಲ.