ಹುಲಿಯಣ್ಣನ ಪಾಲು

ಯಳಂದೂರು ಬೆಟ್ಟದ ಸೋಲಿಗರ ಹಾಡಿಯಾದ ಪೋಡಿನ ಯಜಮಾನ ಕೇತೇಗೌಡನ ಬಲಗೈ ಎಡಗೈಗಿಂತ ಒಂದು ಗೇಣು ಉದ್ದ. ಎಲೆಕ್ಷನ್ನಿಗೆ ಬಂದವರೆಲ್ಲ ಹಿಡಿದು ಕುಲುಕಿ ಕುಲುಕಿ ಹಾಗೆ ಬೆಳೆಸಿಬಿಟ್ಟಿದ್ದಾರೆ. ಗೆದ್ದವರಲ್ಲಿ ಒಬ್ಬರು ‘ಕಾಡು ನಿಮ್ಮದೇ’ ಎಂದು ಹಕ್ಕುಪತ್ರ ಕೊಟ್ಟರು; ಆಮೇಲೆ ಬಂದವರು ‘ಕಾಡು ಹುಲಿಯದು, ಜೇನು ಕೀಳಬೇಡಿ’ ಎಂದು ಗೇಟು ಹಾಕಿಸಿದರು. ಗೌಡ ಇಬ್ಬರಿಗೂ ಹೇಳಿದ್ದು ಒಂದೇ: ‘ಆಗ್ಲಿ ಸಾ, ನಮ್ಮಣ್ಣನ್ನ ಕೇಳ್ಬುಟ್ಟು ಯೋಳ್ತೀನಿ.’ ಅಣ್ಣ ಅಂದರೆ ಹುಲಿ. ಜೇನು ಕಿತ್ತಾಗ ಜೇನುಹುಟ್ಟಿನ ಒಂದು ತುಂಡನ್ನು ಹುಲಿಗೆಂದು ಬಂಡೆಯ ಮೇಲಿಟ್ಟು ಬರುವುದು ತಾತನ ಕಾಲದ ಕಟ್ಟಳೆ. ಆ ಋಣಕ್ಕೆ ಹುಲಿಯೂ ಎದುರಾದರೆ ದಾರಿ ಬಿಟ್ಟು ನಿಂತು, ಸೊಸೆಯ ಬಾಣಂತನ ವಿಚಾರಿಸಿಕೊಂಡು ಹೋಗುತ್ತಿತ್ತಂತೆ! ಈಗಲೂ ಜೇನಿನ ಕಾಲ ಬಂತೆಂದರೆ ಗೌಡ ಯಳಂದೂರಿಗಿಳಿದು, ಅಂಗಡಿಯ ಜೇನು ಬಾಟಲಿ ತಂದು, ಮುತ್ತುಗದ ಎಲೆಗೆ ಸುರಿದು, ಆ ಉದ್ದನೆಯ ಕೈಯನ್ನು ಗೇಟಿನ ಸಂದಿಯಲ್ಲಿ ತೂರಿಸಿ ಆಚೆಗಿಡುತ್ತಾನೆ. ‘ಅಂಗ್ಡಿ ಜೇನ್ನ ಹುಲಿ ಮೂಸ್ತದಾ ತಾತ?’ ಎಂದು ಗೇಟು ಕಾಯುವ ವಾಚರ್ ಮಹದೇವಸ್ವಾಮಿ ನಕ್ಕರೆ, ಗೌಡ ತುಟಿಗೆ ಬೆರಳಿಡುತ್ತಾನೆ: ‘ಮೆಲ್ಲಕ್ ಮಾತಾಡ್ಲಾ! ನಮ್ಮುನ್ನ ಒಳಕ್ ಬುಡ್ತಿಲ್ಲ ಅನ್ನೋದು ಅಣ್ಣಯ್ಯಂಗೆ ಗೊತ್ತಿಲ್ಲ. ತನ್ನೆಸ್ರು ಯೋಳಿ ತಮ್ಮಂದ್ರನ್ನ ತಡದವ್ರೆ ಅಂತ ತಿಳುದ್ರೆ ನೊಂದ್ಕತಾನೆ.’