ಹಿಂದೆ ಕೂತಿದ್ದವಳ ದನಿ

ಮನುಷ್ಯನ ಮಿದುಳಿನೊಳಗೆ ಊರಿನ ನಕ್ಷೆ ಇರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ನಂಬದೆ ನಕ್ಕೂ ಇದ್ದೇನೆ, ಅದೂ ದಾವಣಗೆರೆಯ ಡಾಕ್ಟರ ಎದುರಿಗೇ. ಹದಿನೆಂಟು ವರ್ಷ ಹೊನ್ನಾಳಿ ಚನ್ನಗಿರಿ ನಡುವೆ ಖಾಸಗಿ ಬಸ್ಸು ಓಡಿಸಿದವನು ನಾನು. ನ್ಯಾಮತಿ ಕಡೆಯ ಸಣ್ಣ ಹಳ್ಳಿಗಳ ದಾರಿಯೂ ನನಗೆ ಗೊತ್ತು. ದಾರಿ ತಪ್ಪಿತು ಅನ್ನುವವರು ಒಂದೋ ದಡ್ಡರು, ಇಲ್ಲವೇ ನಾಟಕ ಆಡುವವರು ಎಂಬುದು ನನ್ನ ಲೆಕ್ಕವಾಗಿತ್ತು.

ನನ್ನ ಅಣ್ಣನ ಹೆಂಡತಿ ಗಿರಿಜತ್ತಿಗೆ ಮಿದುಳು ಜ್ವರ ಬಂದು ಒಂದು ತಿಂಗಳು ಆಸ್ಪತ್ರೆಯಲ್ಲಿದ್ದಳು. ಬದುಕಿ ಬಂದಳು. ಅಡುಗೆ ಮೊದಲಿನಂತೆಯೇ ಮಾಡುತ್ತಿದ್ದಳು, ಎಲ್ಲರ ಹೆಸರೂ ನೆನಪಿತ್ತು. ಆದರೆ ಬಸವಾಪಟ್ಟಣದ ನಮ್ಮ ಮನೆಯಿಂದ ಎರಡು ಓಣಿ ಆಚೆಯ ಅಂಗಡಿಗೆ ಹೋದರೆ ಹಿಂದಿರುಗಲು ಬರುತ್ತಿರಲಿಲ್ಲ. ಮನೆಯೊಳಗೂ ಬಚ್ಚಲು ಯಾವ ಕಡೆ ಎಂದು ನಿಂತುಬಿಡುತ್ತಿದ್ದಳು. ನಾವು ಓಡಾಡಿದ ಜಾಗದ ನಕ್ಷೆಯನ್ನು ಮಿದುಳು ತಾನೇ ಬರೆದಿಟ್ಟುಕೊಳ್ಳುತ್ತದೆ, ನಾವು ಎಲ್ಲಿದ್ದೇವೆ, ಯಾವ ಕಡೆ ಮುಖ ಮಾಡಿದ್ದೇವೆ ಎಂದು ತಿಳಿಸುವ ಕೋಶಗಳೇ ಬೇರೆ ಇರುತ್ತವೆ, ಈಕೆಗೆ ಆ ಭಾಗಕ್ಕೇ ಪೆಟ್ಟು ಬಿದ್ದಿದೆ ಎಂದು ಡಾಕ್ಟರು ವಿವರಿಸಿದರು. ಕಂಡದ್ದನ್ನು ಗುರುತಿಸುತ್ತಾಳೆ, ಆದರೆ ಅದು ಎಲ್ಲಿದೆ ಅನ್ನುವುದು ಹೊಳೆಯುವುದಿಲ್ಲ ಎಂದರು. ನಾನು ನಕ್ಕದ್ದು ಆಗಲೇ.

ನಮ್ಮವ್ವನಿಗೆ ಇದು ಒಗ್ಗಲಿಲ್ಲ. "ಕೆಲ್ಸ ತಪ್ಪಿಸ್ಕೊಳ್ಳಾಕೆ ಹೊಸ ರೋಗ ಕಲ್ತಾಳೆ" ಅಂದಳು. ಅಣ್ಣನಿಗೂ ಬೇಸರ ಬಂದಿತ್ತು. ಅತ್ತಿಗೆಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸಲು ಹಿರಿಯರನ್ನು ಕರೆಸುವ ಮಾತಾಯಿತು. ಅದಕ್ಕೂ ಮೊದಲು ಅವಳ ಬಣ್ಣ ಬಯಲು ಮಾಡುತ್ತೇನೆಂದು ಹೊರಟವನು ನಾನೇ. ಯಾರೂ ನನಗೆ ಹೇಳಿಕೊಟ್ಟದ್ದಲ್ಲ.

ಅತ್ತಿಗೆಯ ತವರು ತ್ಯಾವಣಿಗೆ. ಹುಟ್ಟಿ ಬೆಳೆದ ಊರಿನಲ್ಲಿ ಯಾರೂ ಕಳೆದುಹೋಗಲಾರರು ಅಂದುಕೊಂಡೆ. ನಿನ್ನ ತಮ್ಮನನ್ನು ನೋಡಿ ಬರೋಣ ಎಂದು ಅವಳನ್ನು ಬೈಕಿನಲ್ಲಿ ಕರೆದೊಯ್ದೆ. ಬಸ್ ನಿಲ್ದಾಣದ ಬಳಿ ಇಳಿಸಿ, ನೀನು ನಡೆದು ಹೋಗಿರು, ನಾನು ಪೆಟ್ರೋಲ್ ಹಾಕಿಸಿಕೊಂಡು ಬರುತ್ತೇನೆ ಎಂದೆ. ಫೋನ್ ಮಾಡಬೇಕು ಎಂದು ಅವಳ ಮೊಬೈಲನ್ನೂ ಇಸಿದುಕೊಂಡೆ.

ಮಧ್ಯಾಹ್ನ ಹನ್ನೆರಡರಿಂದ ಮೂರೂವರೆಯವರೆಗೆ ಮರೆಯಲ್ಲೇ ಅವಳ ಹಿಂದೆ ಸುತ್ತಿದೆ. ಅವಳು ಒಂದೇ ಹಿಟ್ಟಿನ ಗಿರಣಿಯ ಮುಂದೆ ನಾಲ್ಕು ಸಲ ಹಾದುಹೋದಳು. ಎರಡು ಸಲ ತವರಿನ ಓಣಿಯ ಬಾಯಿಗೇ ಬಂದು, ಮನೆಗೆ ಹತ್ತು ಹೆಜ್ಜೆ ಇರುವಾಗ ಬೇರೆ ಕಡೆ ತಿರುಗಿದಳು. ಎದುರಿಗೆ ಗುರುತಿನವರು ಸಿಕ್ಕರೆ ನಗುತ್ತಿದ್ದಳು. ಹುಟ್ಟೂರಿನಲ್ಲಿ ತವರುಮನೆ ಎಲ್ಲಿದೆ ಎಂದು ಕೇಳಲು ನಾಚಿಕೆಯಾಗಿ ನಗುತ್ತಿದ್ದಳು. ಅದು ನನಗೆ ನೋಡುವಾಗಲೇ ಅರ್ಥವಾಗಿತ್ತು. ಆದರೂ ನನ್ನ ಮೊಬೈಲಿನಲ್ಲಿ ವಿಡಿಯೋ ಮಾಡಿದೆ, ಅವಳು ನಗುವಾಗ ಮಾತ್ರ. ಕೊನೆಗೆ ಅವಳು ಗಿರಣಿಯ ಗೋಡೆಗೆ ಒರಗಿ ಕುಸಿದಾಗ ಎದುರು ಹೋಗಿ ನಿಂತೆ.

"ನೀನು ಮೊದ್ಲಿಂದ ಇಲ್ಲೇ ಇದ್ದೇನಪ್ಪಾ?" ಎಂದು ಕೇಳಿದಳು. ನಾನು ಬೈಕ್ ಹತ್ತು ಎಂದೆ.

ಹೇಳಬೇಕೆಂದು ಹೊರಟದ್ದು ಇನ್ನು ಮುಂದಿನದು. ತ್ಯಾವಣಿಗೆ ಬಿಟ್ಟು ಸ್ವಲ್ಪ ದೂರ ಬಂದಿರಬೇಕು, ಎಡಕ್ಕೆ ಇರಬೇಕಾದ ಕಾಲುವೆ ಬಲಕ್ಕೆ ಕಂಡಿತು. ಕಣ್ಣು ಉಜ್ಜಿಕೊಂಡೆ. ಬಿಸಿಲು ಬೆನ್ನ ಮೇಲೆ ಬೀಳುತ್ತಿತ್ತು, ಅದು ಮುಖಕ್ಕೆ ಬೀಳಬೇಕಿತ್ತು. ಬಸವಾಪಟ್ಟಣ ಎಂದು ಬಾಣ ಬರೆದ ಬೋರ್ಡು ಸಿಕ್ಕಿತು. ಬಾಣದ ಕಡೆಗೇ ಹೋದೆ, ಮತ್ತೆ ಅದೇ ಬೋರ್ಡು. ಮೂರನೆಯ ಸಲ ಅಕ್ಷರ ಓದಲು ಬಂತು, ಆದರೆ ಆ ಊರು ಭೂಮಿಯ ಯಾವ ದಿಕ್ಕಿಗಿದೆ ಎಂಬುದೇ ತಲೆಯಲ್ಲಿರಲಿಲ್ಲ. ಮರ, ತೂಬು, ದಾರಿ ಎಲ್ಲವೂ ನನಗೆ ಗೊತ್ತಿದ್ದವೇ, ಒಂದಕ್ಕೊಂದು ಸಂಬಂಧ ಮಾತ್ರ ಹೋಗಿತ್ತು. ಹಾಗೇ ಹೋಗಿ ಸೂಳೆಕೆರೆಯ ನೀರಿನ ಅಂಚಿಗೆ ಬಂದು ನಿಂತೆ. ಅಲ್ಲಿಗೆ ಹೇಗೆ ಬಂದೆನೋ ತಿಳಿಯದು. ಗಾಡಿ ಆಫ್ ಆಯಿತು.

ಆಗ ಬೆನ್ನ ಹಿಂದಿನಿಂದ ದನಿ ಬಂತು. "ಎಡಕ್ಕೆ ತಿರುಗ್ಸು."

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯೂ ಇರಲಿಲ್ಲ. ತಿರುಗಿಸಿದೆ. ಸ್ವಲ್ಪ ದೂರ ಹೋದ ಮೇಲೆ "ಈಗ ಬಲಕ್ಕೆ" ಅಂದಿತು. ಗದ್ದೆಗಳ ನಡುವೆ ನಾನು ಎಂದೂ ನೋಡದ ಮಣ್ಣಿನ ದಾರಿಯಲ್ಲಿ, ಹೇಳಿದಂತೆ ಹೇಳಿದಂತೆ ಹೊಡೆದೆ. ಹೊತ್ತು ಮುಳುಗುವ ಮೊದಲೇ ನಮ್ಮ ಮನೆಯ ಮುಂದಿದ್ದೆ. ಅತ್ತಿಗೆ ಇಳಿದು, ಬಾಗಿಲು ಎಲ್ಲಿ ಎಂದು ತಿಳಿಯದೆ ಪಕ್ಕದ ಮನೆಯ ಕಡೆ ನಡೆದಳು.

ಮರುದಿನ ನನ್ನ ತಲೆ ಸರಿಯಾಗಿತ್ತು. ವಾರದ ನಂತರ ಹಿರಿಯರು ಸೇರಿದರು. ವಿಡಿಯೋ ತೋರಿಸಿದೆ. ನಗುತ್ತಾ ಓಡಾಡುವ ಹೆಂಗಸನ್ನು ನೋಡಿ ಅವರು ತಲೆಯಾಡಿಸಿದರು. ಸಾಲದು ಎಂದು ಇನ್ನೊಂದು ಮಾತು ಸೇರಿಸಿದೆ. "ಬರುವಾಗ ದಾರಿಯೆಲ್ಲ ಇವಳೇ ಹೇಳಿದ್ಲು. ದೇವರಾಣೆ" ಎಂದೆ. ನಾನು ದಾರಿ ತಪ್ಪಿದ್ದನ್ನು ಹೇಳಲಿಲ್ಲ. ಹೇಳಿದರೆ ನಾಳೆ ನನ್ನ ಕೈಗೆ ಬಸ್ಸು ಯಾರು ಕೊಡುತ್ತಾರೆ? ಅತ್ತಿಗೆ ನನ್ನನ್ನೇ ನೋಡಿದಳು, ಏನೂ ಅನ್ನಲಿಲ್ಲ. ಅವಳನ್ನು ಜಗಳೂರಿನ ಅಕ್ಕನ ಮನೆಗೆ ಕಳಿಸಿದರು. ಮುಂದಿನ ವರ್ಷ ಅಣ್ಣ ಬೇರೆ ಮದುವೆಯಾದ.

ಹೋದ ಬೇಸಿಗೆಯಲ್ಲಿ ಮದುವೆ ದಿಬ್ಬಣದ ಬಸ್ಸು ಹೊಡೆದುಕೊಂಡು ಜಗಳೂರಿಗೆ ಹೋಗಿದ್ದೆ. ಊಟದ ಹೊತ್ತಿನಲ್ಲಿ ವಿಚಾರಿಸಿಕೊಂಡು ಆ ಮನೆಗೆ ಹೋದೆ. ಅತ್ತಿಗೆಯ ಕೋಣೆಯಿಂದ ಬಚ್ಚಲಿಗೂ ಅಡುಗೆಮನೆಗೂ ಹಗ್ಗ ಕಟ್ಟಿದ್ದರು, ಅದನ್ನು ಹಿಡಿದುಕೊಂಡು ಓಡಾಡುತ್ತಿದ್ದಳು. ನನಗೆ ನೀರು ಕೊಟ್ಟಳು. ಆ ದಿನ ಆ ಮಣ್ಣಿನ ದಾರಿ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ನಾನೆಲ್ಲಿ ದಾರಿ ಹೇಳ್ದೆ? ಅಳು ನಿಲ್ಲಾಕಿಲ್ಲ ಅಂತ ಬಾಯಿಗೆ ಸೆರಗು ತುರುಕ್ಕೊಂಡಿದ್ದೆ. ಮನೆ ಮುಟ್ಟೋವರೆಗೂ ತೆಗೀಲೇ ಇಲ್ಲ."

ಹಾಗಾದರೆ ಹಿರಿಯರ ಮುಂದೆ ಯಾಕೆ ಹೇಳಲಿಲ್ಲ ಎಂದೆ.

"ನೀನು ಆಣೆ ಇಟ್ಟಿದ್ಯಲ್ಲಪ್ಪ" ಎಂದಳು.

ಆಮೇಲೆ ಎರಡು ಸಲ ಆ ಮಣ್ಣಿನ ದಾರಿಯನ್ನು ಹುಡುಕಿಕೊಂಡು ಹೋಗಿದ್ದೇನೆ, ಸಿಕ್ಕಿಲ್ಲ. ಅಂದು ನನ್ನ ತಲೆಗೆ ಏನಾಯಿತು ಎಂದು ಡಾಕ್ಟರನ್ನು ಕೇಳುವ ಧೈರ್ಯವೂ ಬಂದಿಲ್ಲ. ಅಣ್ಣನಿಗೆ ಇದೊಂದೂ ತಿಳಿಯದು. ಕೇಳಿದ್ದು ಹೆಂಗಸಿನ ದನಿ, ಕಿವಿಯ ಪಕ್ಕದಲ್ಲೇ ಕೇಳಿದ್ದು. ಇಷ್ಟು ಮಾತ್ರ ನಾನು ಹೇಳಬಲ್ಲೆ. ಅದು ಯಾರ ದನಿ ಎಂದು ಈಗ ಯಾರಾದರೂ ಕೇಳಿದರೆ ನಾನು ಆಣೆ ಇಡಲಾರೆ.