ದುರ್ಬೀನ್ ಕಾಕಾ ಹುಡುಕಿದ ಉರಿಯದ ನಕ್ಷತ್ರ

ಕಾಕಾ ಅವರ ಬಲಗಣ್ಣಿನ ಸುತ್ತ, ಹುಬ್ಬಿನಿಂದ ಕೆನ್ನೆಯ ಎಲುಬಿನವರೆಗೆ, ಬಳೆಯೊತ್ತಿ ತೆಗೆದಂತಹ ಒಂದು ದುಂಡನೆಯ ಗುರುತಿತ್ತು. ಆ ಗೆರೆ ಹಾದುಹೋದ ಕಡೆ ಹುಬ್ಬಿನಲ್ಲಿ ಕೂದಲೇ ಇರಲಿಲ್ಲ. ಹಿತ್ತಾಳೆಯ ನೋಡುಗೊಳವೆಗೆ ಮೂವತ್ತು ವರ್ಷ ಕಣ್ಣೊತ್ತಿ ಕುಳಿತದ್ದರ ಫಲ ಅದು. ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಮನೆಗೆ ಬಂದ ಪ್ರತಿಯೊಬ್ಬರಿಗೂ ಅದನ್ನು ತೋರಿಸುತ್ತಿದ್ದರು: "ನನಗ ಬಳಿ ತರ್ತೀನಂತ ಪ್ಯಾಟಿಗೆ ಹೋದ್ರು ನೋಡವ್ವ, ತಾವs ಕಣ್ಣಿಗೆ ಹಾಕ್ಕೊಂಡು ಬಂದ್ರು!"

ಎಪ್ಪತ್ತರ ದಶಕದ ಕೊನೆಯಲ್ಲಿ ನಾರಾಯಣಖೇಡದ ಕನ್ನಡ ಶಾಲೆಗೆ ಶಿಕ್ಷಕಿಯಾಗಿ ಬಂದ ನಾನು ಅವರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಅವರು ನಗರದ ಒಂದು ವೀಕ್ಷಣಾಲಯದಲ್ಲಿ ದೂರದರ್ಶಕವನ್ನು ನೋಡಿಕೊಳ್ಳುವ ಮಿಸ್ತ್ರಿಯಾಗಿದ್ದು ನಿವೃತ್ತರಾದವರು. ಊರಿಗೆಲ್ಲ ಅವರು ದುರ್ಬೀನ್ ಕಾಕಾ. ಕಚೇರಿ ಬೇಡವೆಂದು ತೆಗೆದುಹಾಕಿದ ನಕ್ಷತ್ರಗಳ ಛಾಯಾಚಿತ್ರ ಅಳೆಯುವ ಹಳೆಯದೊಂದು ಯಂತ್ರವನ್ನು ಅಲ್ಲಿನ ಹಿರಿಯ ವಿಜ್ಞಾನಿ ಸಾಹೇಬರಿಂದ ಕೇಳಿ ಪಡೆದು ಮನೆಗೆ ತಂದಿದ್ದರು. ಮೊದಲು ಅದನ್ನು ತಾಂಡೂರಿನಲ್ಲಿ ಮಗಳ ಮನೆಯಲ್ಲಿ ಹೂಡಿದರಂತೆ. ಆದರೆ ಬಂಡೆ ತುಂಬಿದ ಮಾಲುಗಾಡಿ ಹಾದುಹೋದಾಗಲೆಲ್ಲ ಯಂತ್ರದ ನೋಡುಗೊಳವೆಯೊಳಗೆ ಗುರಿಗಿಡುವ ಎಳೆ ನಡುಗುತ್ತಿತ್ತು. ಆದ್ದರಿಂದ ತಾಂಡೂರಿನ ಒಂದು ದಪ್ಪ ಬಂಡೆಯನ್ನೇ ಮೇಜಿಗೆಂದು ಲಾರಿಯಲ್ಲಿ ಹೇರಿಕೊಂಡು, ಹಳಿಯೇ ಇಲ್ಲದ ತಮ್ಮ ಊರಿಗೆ ಮರಳಿದರು. "ರೇಲು ಬರವಲ್ದು ಅಂತ ಊರ ಮಂದಿ ಅಳ್ತಾರ. ಬರಬಾರದು ಅಂತ ನಾ ಹರಕಿ ಹೊತ್ತೀನ್ರಿ," ಎಂದು ನಗುತ್ತಿದ್ದರು.

ನಾನು ಆಗಲೇ ಶಾಲೆಯಲ್ಲಿ ಕಟ್ಟುನಿಟ್ಟಿನವಳೆಂದು ಹೆಸರಾಗಿದ್ದೆ. ಗೆರೆ ಸೊಟ್ಟಗಿದ್ದ ಪುಸ್ತಕವನ್ನು ಮುಟ್ಟುತ್ತಿರಲಿಲ್ಲ. ಒಂದು ಮನೆ ಖಾಲಿಯಿರುವ ಕೋಷ್ಟಕವನ್ನು ಒಪ್ಪುತ್ತಿರಲಿಲ್ಲ. ಒಂದು ಭಾನುವಾರ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದಾಗ ಅವರು ಹಿಂದೆ ನಿಂತು ಬಹಳ ಹೊತ್ತು ನೋಡಿದರು.

"ಅಕ್ಕೋರ, ನಾ ಅಂಕಿ ಹೇಳ್ತೀನಿ. ನೀವು ಬರೀತೀರೇನ್ರಿ?"

"ಯಾವ ಅಂಕಿ ಕಾಕಾ?"

"ಒಂದು ಚುಕ್ಕಿ ನಡಿಗೀದು."

ಅಂದು ಅವರು ಹೇಳಿದ್ದನ್ನು ನಾನು ಮುಂದೆ ಯಾವ ಪುಸ್ತಕದಲ್ಲಿಯೂ ಅಷ್ಟು ಸ್ಪಷ್ಟವಾಗಿ ಓದಲಿಲ್ಲ. ಆಕಾಶದಲ್ಲಿ ಸೂರ್ಯನಿಗಿಂತ ಬಹಳ ಸಣ್ಣವಾದ, ಕೆಂಡದಂತೆ ಮಂದವಾಗಿ ಉರಿಯುವ ಕೆಂಪು ನಕ್ಷತ್ರಗಳಿವೆ. ಅವುಗಳಲ್ಲಿ ಕೆಲವಕ್ಕೆ ಇನ್ನೂ ಸಣ್ಣ ಜೊತೆಗಾರರು ಇರಬಹುದು. ನಕ್ಷತ್ರವಾಗಲು ಹೊರಟು, ತೂಕ ಸಾಲದೆ, ಹೊತ್ತಿಕೊಳ್ಳದೆ ಉಳಿದವು. ವಿದ್ವಾಂಸರು ಅವಕ್ಕೆ ಕಂದು ಕುಬ್ಜ ಎಂಬ ಹೆಸರನ್ನಿಟ್ಟಿದ್ದಾರೆಂದು ಸಾಹೇಬರು ಪತ್ರದಲ್ಲಿ ಬರೆದಿದ್ದರು. ಕಾಕಾ ಅವನ್ನು ಕರೆಯುತ್ತಿದ್ದುದು "ಹಸಿ ಕುಳ್ಳು" ಎಂದು. ಒಲೆಯಲ್ಲಿಟ್ಟರೂ ಬರೀ ಬೆಚ್ಚಗಾಗುವ, ಉರಿಯದ ಹಸಿ ಬೆರಣಿ.

"ಕಾಣಿಸದೇ ಇರೋದನ್ನು ಹ್ಯಾಂಗ ಹುಡುಕ್ತೀರಿ?" ಎಂದು ಕೇಳಿದೆ.

"ಕಂಕುಳಾಗ ಕೂಸು ಎತ್ಕೊಂಡಾಕಿ ನಡಿಗಿ ನೋಡೀರೇನು? ಹಿಂದಿನಿಂದ ಕೂಸು ಕಾಣಂಗಿಲ್ಲ. ಆದ್ರ ಆಕಿ ವಾಲೋದು ನೋಡಿದ್ರ ತಿಳೀತದ, ಕೂಸು ಅದ ಅಂತ. ಚುಕ್ಕಿನೂ ಹಂಗs. ಅದು ವಾಲ್ತದೋ ಇಲ್ಲೋ, ಅಷ್ಟs ನೋಡೋದು."

ಹೀಗೆ ನಾವು ಅಂತಹ ಒಂದು ಕೆಂಪು ನಕ್ಷತ್ರದ ನಡಿಗೆಯನ್ನು ಅಳೆಯಲು ಕುಳಿತೆವು. ಸುಮಾರು ಇಪ್ಪತ್ತು ವರ್ಷಗಳುದ್ದಕ್ಕೂ ವೀಕ್ಷಣಾಲಯದ ಆ ದೂರದರ್ಶಕದಿಂದಲೇ ತೆಗೆದ ಛಾಯಾಚಿತ್ರಗಳ ಗಾಜಿನ ಫಲಕಗಳು ನಗರದಿಂದ ಮರದ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಅವನ್ನು ತರಲು ಕಾಕಾ ತಾವೇ ಹೋಗುತ್ತಿದ್ದರು. ಒಮ್ಮೆ ಜಹೀರಾಬಾದಿನ ನಿಲ್ದಾಣದಲ್ಲಿ ನಾನೂ ಜೊತೆಗಿದ್ದೆ. ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿರೆಂದು ಕಂಡಕ್ಟರ್ ಹಟ ಹಿಡಿದ. ಕಾಕಾ ಅದನ್ನು ತೊಡೆಯ ಮೇಲಿನಿಂದ ಇಳಿಸಲಿಲ್ಲ.

"ಅದರಾಗ ಏನದ ಕಾಕಾ, ಮಾವಿನಹಣ್ಣೇನು?"

"ಚುಕ್ಕಿ ಅದಾವಪ್ಪ."

"ಎಷ್ಟದಾವ?"

"ಒಂದೊಂದು ಗಾಜಿನಾಗ ನೂರಾರು."

"ಯಪ್ಪಾ! ಅಷ್ಟೂ ಮಂದಿಗೆ ಟಿಕೀಟ್ ಹರೀಲಾಕ ಹೋದ್ರ ಬಸ್ಸು ಖೇಡಕ್ಕೆ ನಾಳೆ ಮುಟ್ತದ. ಕೂಡ್ರಿ, ಕೂಡ್ರಿ!"

ಕೆಲಸವೆಲ್ಲ ಹಗಲಿನಲ್ಲಿಯೇ. ಕಿಟಕಿಯ ಬಳಿಯ ಕನ್ನಡಿ ಬಿಸಿಲನ್ನು ಫಲಕದ ಅಡಿಯಿಂದ ಮೇಲಕ್ಕೆ ಹಾಯಿಸುತ್ತಿತ್ತು. ಬೆಳಗಿನ ಪೂಜೆ ಮುಗಿಸಿದ ಕಾಕಾ ಮೊಣಕೈವರೆಗೆ ಕೈ ತೊಳೆದುಕೊಳ್ಳುತ್ತಿದ್ದರು. ವಿಭೂತಿಯ ಒಂದು ಕಣವೂ ಗಾಜಿಗೆ ಗೀರು ಹಾಕೀತೆಂಬ ಭಯ. ಬಳಿಕ ಫಲಕವನ್ನು ಎಡ ಅಂಗೈಯಲ್ಲಿ ಹಿಡಿದು ಅರೆಗಳಿಗೆ ದಿಟ್ಟಿಸುತ್ತಿದ್ದರು. ತುಸು ಹೊತ್ತಿನ ಮುಂಚೆ ಇಷ್ಟಲಿಂಗವನ್ನು ಹಿಡಿದಿದ್ದ ಅದೇ ಅಂಗೈ, ಅದೇ ನಿಲುವು. ಒಮ್ಮೆ ಅಳೆದ ಫಲಕವನ್ನು ತಲೆಕೆಳಗಾಗಿ ತಿರುಗಿಸಿ ಇನ್ನೊಮ್ಮೆ ಅಳೆಯುವುದು ಅವರ ನಿಯಮ. ಆಗ ಮೊದಲಿನ ಅಂಕಿಗಳನ್ನು ನಾನು ಕಾಗದದಿಂದ ಮುಚ್ಚಿಡಬೇಕು. "ಕಣ್ಣಿಗೂ ಆಸೆ ಇರ್ತದ ಅಕ್ಕೋರ. ತಿರುವಿ ಇಟ್ರ ಅದಕ್ಕ ದಿಕ್ಕು ತಪ್ತದ, ಆವಾಗ ಖರೇ ಹೇಳ್ತದ."

ಎರಡು ವರ್ಷಗಳಾದ ಮೇಲೆ ನಾನು ಎಲ್ಲ ಅಂಕಿಗಳನ್ನು ಚೌಕುಳಿ ಕಾಗದದ ಮೇಲೆ ಚುಕ್ಕೆಗಳಾಗಿ ಇಳಿಸಿದೆ. ಸರಳರೇಖೆಯಾಗಬೇಕಿದ್ದ ನಡಿಗೆ ಮೊದಲು ರೇಖೆಯ ಕೆಳಗೆ ಬಾಗಿ, ಬಳಿಕ ಮೇಲಕ್ಕೆದ್ದಿತ್ತು. ನಕ್ಷತ್ರ ವಾಲುತ್ತಿತ್ತು! ಕಾಕಾ ಕಾಗದವನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದರು. "ಏ, ಇಲ್ಲಿ ಬಾ, ಕೂಸು ಅದ! ಕಂಕುಳಾಗ ಕೂಸು ಅದ!" ಕಾಕು ಹಿಟ್ಟಿನ ಕೈಯಲ್ಲಿಯೇ ಹೊರಬಂದು, "ಯಾರ ಮನ್ಯಾಗ್ರಿ?" ಎಂದರು. ಅಂದು ಓಣಿಗೆಲ್ಲ ಶೇಂಗಾ ಹೋಳಿಗೆ ಹಂಚಿದ್ದಾಯಿತು. ಯಾರೂ ಕಾಣದ ಉರಿಯದ ನಕ್ಷತ್ರವೊಂದನ್ನು ನಾರಾಯಣಖೇಡದ ಬಂಡೆಯ ಮೇಲೆ ಹಿಡಿದಿದ್ದೇವೆಂದು ನನಗೆ ನಾಲ್ಕು ದಿನ ನಿದ್ದೆ ಹತ್ತಲಿಲ್ಲ.

ಸಾಹೇಬರಿಗೆ ಕಳುಹಿಸಬೇಕಾದ ಕೋಷ್ಟಕವನ್ನು ಅಂದವಾಗಿ ಬರೆಯುವ ಹೊಣೆ ನನ್ನದು. ಬರೆಯುತ್ತ ಬಂದಾಗ ನಡುವಿನ ಒಂದು ವರ್ಷದಲ್ಲಿ ಐದು ತಿಂಗಳ ಕಾಲ ಫಲಕಗಳೇ ಇಲ್ಲದ್ದು ಕಣ್ಣಿಗೆ ಬಿತ್ತು. "ಕಾರಣ" ಎಂಬ ಅಂಕಣ ಅಲ್ಲಿ ಖಾಲಿಯಾಗಿತ್ತು.

"ಕಾಕಾ, ಇಲ್ಲಿ ಏನು ಬರೀಲಿ?"

ಅವರು ಬಗ್ಗಿ ನೋಡಿದರು. ಬೆರಳು ಆ ಖಾಲಿ ಮನೆಯ ಮೇಲಿಂದ ನನ್ನ ನಕ್ಷೆಗೆ ಸರಿಯಿತು. ರೇಖೆಯ ಕೆಳಗಿದ್ದ ಚುಕ್ಕೆಗಳೆಲ್ಲ ಆ ಐದು ತಿಂಗಳಿಗೆ ಮುಂಚಿನವು, ಮೇಲಿದ್ದವೆಲ್ಲ ಆಮೇಲಿನವು.

"ಆವಾಗ ದುರ್ಬೀನಿನ ದೊಡ್ಡ ಮಸೂರ ಇಳಿಸಿದ್ದೆ," ಎಂದರು. "ಒರೆಸಿ ಮತ್ತ ಕೂಡಿಸಿದಾಂವ ನಾನs."

ಮಸೂರ ಕೂದಲೆಳೆಯಷ್ಟು ಬೇರೆಯಾಗಿ ಕುಳಿತರೂ ಕೆಂಪು ಬೆಳಕು ಉಳಿದ ಬೆಳಕಿಗಿಂತ ತುಸು ಬೇರೆಡೆ ಬೀಳಬಹುದು ಎಂದು ಅವರು ವಿವರಿಸಿದರು. ಹಾಗಾಗಿದ್ದರೆ ಸುತ್ತಲಿನವುಗಳ ನಡುವೆ ಸರಿದದ್ದು ಕೆಂಪು ನಕ್ಷತ್ರದ ಚಿತ್ರ ಮಾತ್ರ, ಬಾಗಿದ್ದು ನಕ್ಷತ್ರದ ನಡಿಗೆಯಲ್ಲ. ಆಗ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು, ಬಿಡಲಾರೆ. "ಆ ಮನೆ ಖಾಲಿ ಇರಲಿ ಬಿಡ್ರಿ ಕಾಕಾ. ಯಾರು ಕೇಳ್ತಾರ?" ಎಂದುಬಿಟ್ಟೆ. ಖಾಲಿ ಮನೆ ಬಿಟ್ಟ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನಾನು!

ಅವರು ಗದರಲಿಲ್ಲ. "ಅದೇ ಕಾಲದ್ದು ಇನ್ನೊಂದು ಕೆಂಪು ಚುಕ್ಕಿ ಫಲಕ ಆ ಪೆಟಿಗ್ಯಾಗ ಅದಾವ. ಅದು ಆಕಾಶದ ಬ್ಯಾರೆ ದಿಕ್ಕಿಂದು. ಅದನ್ನ ಅಳಿಯೋಣು. ಅದೂ ಅದೇ ತಾರೀಖಿಗೆ ಜಿಗಿದಿದ್ರ ತಪ್ಪು ನಂದು," ಎಂದರು.

ಎಂಟು ದಿನ ಅಳೆದೆವು. ಎರಡನೆಯ ನಕ್ಷತ್ರವೂ ಅದೇ ಐದು ತಿಂಗಳ ಆಚೆಗೆ, ಅಷ್ಟೇ ದೂರ ಜಿಗಿದಿತ್ತು.

ನಾನು ತಲೆಯೆತ್ತಲಿಲ್ಲ. ಓಣಿಗೆಲ್ಲ ಹೋಳಿಗೆ ಹಂಚಿದ ಮನುಷ್ಯ ಈಗ ಹೇಗಿರುತ್ತಾರೆಂದು ನೋಡುವ ಧೈರ್ಯವಿರಲಿಲ್ಲ. ಆದರೆ ಕೇಳಿಸಿದ್ದು ನಗು. ಬಳೆಯ ಗುರುತಿನ ಆ ಕಣ್ಣು ಮೊದಲ ದಿನಕ್ಕಿಂತಲೂ ಹೊಳೆಯುತ್ತಿತ್ತು.

"ಚುಕ್ಕಿ ಕುಣಿದಿಲ್ಲ ಅಕ್ಕೋರ, ನನ್ನ ಕೈಯಾಗಿನ ಪಾನಾ ಕುಣಿದದ! ಅಂದು ತಿರುಪು ಎಷ್ಟು ಬಿಗಿದೀನಿ ಅಂಬೋದು ನನಗs ನೆನಪಿಲ್ಲ, ಆಕಾಶಕ್ಕ ನೆನಪದ! ಇಷ್ಟು ಸಣ್ಣ ತಪ್ಪು ಹಿಡಿದೀವಿ ಅಂದ್ರ, ಖರೇ ಕೂಸು ಇದ್ರ ಬಿಡ್ತೀವೇನು?"

ಒಳಗಿನಿಂದ ಕಾಕು ಕೂಗಿದರು: "ಮತ್ತ ಹೋಳಿಗಿ ಮಾಡ್ಲೇನ್ರಿ?"

"ಮಾಡು. ತಪ್ಪು ಸಿಕ್ಕದ."

ಖಾಲಿ ಮನೆಯಲ್ಲಿ ಅವರು ಹೇಳಿದಂತೆಯೇ ಬರೆದೆ: ಮಸೂರವನ್ನು ಇಳಿಸಿದವನು, ಒರೆಸಿದವನು, ಮರಳಿ ಬಿಗಿದವನು ನಾನೇ, ಈ ಬಾಗು ನನ್ನ ಕೈಯದು. ಅದರ ಕೆಳಗೆ ಸಹಿ ಹಾಕಿದರು. ಸಾಹೇಬರ ಉತ್ತರವಾಗಿ ಮೂರು ಹೊಸ ಪೆಟ್ಟಿಗೆಗಳು ಬಂದವು. ಅವುಗಳ ಫಲಕಗಳೆಲ್ಲ ಮಸೂರ ಮರಳಿ ಕೂಡಿಸಿದ ಮೇಲಿನವು.

ಆ ಮೂರನ್ನು ಮುಗಿಸಲು ಅವರಿಗೆ ಆಯುಷ್ಯ ಸಾಲಲಿಲ್ಲ. ಒಂದು ಬೇಸಿಗೆಯ ಬೆಳಿಗ್ಗೆ ಅಳೆಯುತ್ತ ಕುಳಿತವರು ಬಂಡೆಗೆ ತಲೆಯಾನಿಸಿದರು; ಕಾಕು ಚಹಾ ತರುವಷ್ಟರಲ್ಲಿ ಮುಗಿದಿತ್ತು. ದಿವಸಕರ್ಮಗಳೆಲ್ಲ ಕಳೆದ ಮೇಲೆ ಕಾಕು ನನ್ನನ್ನು ಕರೆದು, ಕೋಣೆಯ ಬಾಗಿಲು ತೆರೆದರು. "ಅರ್ಧಾ ಕೆಲಸ ಬಿಟ್ಟು ಹೋಗ್ಯಾರ. ಹಂಗ ಬಿಡೋ ಮನಿಷಾ ಅಲ್ಲ ಅವರು," ಎಂದರು. ಯಂತ್ರದಲ್ಲಿ ಫಲಕ ಹಾಗೆಯೇ ಇತ್ತು. ಪುಸ್ತಕದಲ್ಲಿ ಮೊದಲ ಅಳತೆಯ ಅಂಕಿಗಳಿದ್ದವು; ತಿರುಗಿಸಿದ ಮೇಲಿನವು ಇರಲಿಲ್ಲ.

ಇಂತಹ ಕಂದು ಕುಬ್ಜವೊಂದು ಯಾರಿಗಾದರೂ ಸಂಶಯವಿಲ್ಲದೆ ಸಿಕ್ಕಿತೆಂಬ ಸುದ್ದಿಯನ್ನು ನಾನು, ತೊಂಬತ್ತರ ದಶಕ ಶುರುವಾಗಿರುವ ಇಂದಿನವರೆಗೂ, ಓದಿಲ್ಲ. ಶಾಲೆಯ ಕೆಲಸ ಬಿಟ್ಟಿದ್ದೇನೆ, ಮೂರನೆಯ ಪೆಟ್ಟಿಗೆಯಲ್ಲಿ ಇನ್ನೂ ಹದಿನೇಳು ಫಲಕಗಳಿವೆ. ಮುಂದಿನ ಗಾಜಿನಲ್ಲಿ ಕೂಸು ಇದ್ದೀತೇ ಎಂದು ಪ್ರತಿ ಬೆಳಿಗ್ಗೆಯೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಹೋದ ತಿಂಗಳು ಕನ್ನಡಿಯಲ್ಲಿ ನೋಡಿಕೊಂಡಾಗ ಬಲಹುಬ್ಬಿನ ಒಂದು ಕಡೆ ಕೂದಲು ತೆಳ್ಳಗಾಗಿರುವುದು ಕಂಡಿತು. ಅಂದು, ಕಾಕು ಬಾಗಿಲು ತೆರೆದ ದಿನ, ನಾನು ಮಾಡಿದ್ದಿಷ್ಟು: ಮೊಣಕೈವರೆಗೆ ಕೈ ತೊಳೆದುಕೊಂಡೆ, ಅವರ ಅಂಕಿಗಳನ್ನು ಕಾಗದದಿಂದ ಮುಚ್ಚಿದೆ, ಫಲಕವನ್ನು ತಿರುಗಿಸಿ ಇಟ್ಟೆ, ಮತ್ತು ಅವರ ಕಣ್ಣು ತಾಗಿ ನುಣುಪಾಗಿದ್ದ ಆ ಹಿತ್ತಾಳೆಯ ಬಳೆಗೆ ನನ್ನ ಕಣ್ಣನ್ನು ಒತ್ತಿದೆ.